ಹನ್ನೊಂದನೆಯ ಬಟ್ಟಲು

ವರ್ಷದಲ್ಲಿ ಯಾವ ದಿನ ಬೇಕಾದರೂ ಆಂಬ್ರೋಸ್ ಪೆನ್‌ಫೋಲ್ಡನ ಮೂಗು ಕಟ್ಟಬಹುದಾಗಿತ್ತು. ಅದು ಕಟ್ಟಿದ್ದು ಚೀನಾದ ಫೂಚೌ ಬಂದರಿನಲ್ಲಿ ಹೊಸ ಚಹಾದ ರುಚಿ ನೋಡುವ ದಿನ.

ತಪ್ಪು ಅವನದೇ. ಹಿಂದಿನ ಸಂಜೆ, ಇಂಗ್ಲೆಂಡಿಗೆ ಹೊರಡುವ ಹಡಗಿನಲ್ಲಿ ತನ್ನ ಕೋಣೆ ಹೇಗಿದೆ ಎಂದು ನೋಡಿಬರಲು ಜಡಿಮಳೆಯಲ್ಲಿ ದೋಣಿ ಹತ್ತಿದ್ದ. ಚಹಾ ಕಂಪನಿಯ ರುಚಿಗಾರನಾದ ಅವನಿಗೆ ಒಂಬತ್ತು ವರ್ಷದಿಂದ ರಜೆಯಿಲ್ಲ. ಊರಿನಿಂದ ತಾಯಿ ಪ್ರತಿ ಕಾಗದದಲ್ಲೂ ಸೇಬಿನ ಕಡುಬಿನ ಆಸೆ ತೋರಿಸುತ್ತಿದ್ದಳು. ಕಂಪನಿಯ ಹಿರಿಯ ಪಾಲುದಾರ ಗ್ರಿಮ್‌ಶಾ, "ಈ ಸಲ ಒಳ್ಳೇ ಚಹಾ ಆರಿಸ್ಕೊಡು, ರಜೆ ವಿಚಾರ ನೋಡೋಣ" ಎಂದಿದ್ದ. ಆ 'ನೋಡೋಣ'ವನ್ನು ನಂಬಿ ಆಂಬ್ರೋಸ್ ಪೆಟ್ಟಿಗೆಯನ್ನೂ ಕಟ್ಟಿಬಿಟ್ಟಿದ್ದ.

ಬೆಳಿಗ್ಗೆ ಅವನು ಸೀನಿದ್ದು ಪಕ್ಕದ ಮನೆಗೆ ಕೇಳಿಸಿತು. ಪಾದ್ರಿಯ ಹೆಂಡತಿ ಮಿಸೆಸ್ ಹಾಲಿಡೇ ಬಟ್ಟಲು ಹಿಡಿದೇ ಬಂದಳು.

"ಅಂಗಿ ಬಿಚ್ಚು."

"ಅಮ್ಮಾ, ನಾನು ಚಹಾ ರುಚಿ ನೋಡೋಕೆ ಹೋಗ್ಬೇಕು..."

"ಮೂಗು ಕಟ್ಕೊಂಡು ಯಾವ ರುಚಿ ನೋಡ್ತೀಯೋ? ಬಿಚ್ಚು ಅಂದ್ರೆ ಬಿಚ್ಚು!"

ಬಾತುಕೋಳಿಯ ಕೊಬ್ಬಿನಲ್ಲಿ ಕರ್ಪೂರ ಕಲಸಿ, ಗೋಡೆಗೆ ಸುಣ್ಣ ಬಳಿದಂತೆ ಬಳಿದಳು. ಎದುರು ಮನೆಯ ಕ್ಯಾಪ್ಟನ್ ಮಗ್ರಿಜ್ ಮೆಣಸು ಹಾಕಿದ ರಮ್ ಕುಡಿಸಿದ. ಅಡುಗೆಯವನು ಬೆಳ್ಳುಳ್ಳಿ ಸರ ಮಾಡಿ ಕೊರಳಿಗೆ ಹಾಕಿದ. ಆಂಬ್ರೋಸ್ ರುಚಿ ನೋಡುವ ಮಂಟಪಕ್ಕೆ ಹೊರಟಾಗ ಬೀದಿನಾಯಿಗಳು ದಾರಿ ಬಿಟ್ಟವು. ಮೂಗು ಮಾತ್ರ ಬಿಡಲಿಲ್ಲ.

ಮಂಟಪದಲ್ಲಿ ಉದ್ದನೆಯ ಮೇಜು, ಇಪ್ಪತ್ತು ಬಿಳಿ ಬಟ್ಟಲು. ಬಂದರಿನ ಎಲ್ಲ ಕಂಪನಿಗಳ ರುಚಿಗಾರರೂ ಸೇರಿದ್ದರು. ಸೊರ್‍ರೆಂದು ಹೀರಬೇಕು, ಪೀಕದಾನಿಗೆ ಉಗುಳಬೇಕು, ಬೇಕಾದ ಬಟ್ಟಲಿನ ಅಂಕಿಯನ್ನು ಚೀಟಿಯಲ್ಲಿ ಬರೆಯಬೇಕು. ಬಾಯಿ ಬಿಡುವಂತಿಲ್ಲ. ಹಾಗಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವವರೇ. ಬಂದರಿನಲ್ಲೇ ಒಳ್ಳೆಯ ಮೂಗೆಂದು ಹೆಸರಾಗಿದ್ದ ಆಂಬ್ರೋಸನ ಮುಖವನ್ನಂತೂ ಪಂಚಾಂಗದಂತೆ ಓದುವವರು. ಬಿಸಿನೀರು ಸುರಿಯುವವನು ಆಂಬ್ರೋಸನ ಮನೆಯ ಮುದಿ ಆಳು ಗ್ವೋ. ಮೂವತ್ತು ವರ್ಷದಿಂದ ಸುರಿಯುತ್ತಿದ್ದ. ಅಲ್ಲಿದ್ದ ಎಲ್ಲರಿಗಿಂತ ಹೆಚ್ಚು ಚಹಾ ಬಲ್ಲವನು. ಕೆಟಲು ಹಿಡಿದವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಆಂಬ್ರೋಸ್ ಒಳಗೆ ಬಂದದ್ದೇ ತಡ, ಕರ್ಪೂರ ಮಂಟಪ ತುಂಬಿತು. ಯಾರ ನಾಲಿಗೆಗೂ ರುಚಿ ಹತ್ತಲಿಲ್ಲ. ಪ್ರತಿಯೊಬ್ಬನಿಗೂ ಇವತ್ತು ತನ್ನ ಮೂಗೇ ಸತ್ತಿತೆಂಬ ದಿಗಿಲು. ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ. ಎಲ್ಲರೂ ಗಂಭೀರವಾಗಿ ಹೀರಿ, ಉಗುಳಿ, ಆಂಬ್ರೋಸನನ್ನೇ ನೋಡಿದರು.

ಏಳನೆಯ ಬಟ್ಟಲಿಗೆ ಅವನು ಕಣ್ಣು ಮುಚ್ಚಿ, ತಲೆ ಎತ್ತಿ, ತುಟಿ ನಡುಗಿಸಿದ. ಬರುತ್ತಿದ್ದ ಸೀನನ್ನು ತಡೆದುಕೊಂಡದ್ದು. ಉಳಿದವರು ಅದನ್ನು ಪರಮಾನಂದವೆಂದು ತಿಳಿದು ಸರಸರನೆ 'ಏಳು' ಎಂದು ಬರೆದುಕೊಟ್ಟರು.

ಒಂದರ ರುಚಿಯೂ ತಿಳಿಯದ ಆಂಬ್ರೋಸನಿಗೆ ಹಡಗೇ ಕಣ್ಣೆದುರು ತೇಲಿಹೋದಂತಾಯಿತು. ಹನ್ನೊಂದನೆಯ ಬಟ್ಟಲಿಗೆ ನೀರು ಸುರಿದ ಗ್ವೋ, ಎಲೆ ಅರಳಿದ್ದನ್ನು ನೋಡಿ, ಗುಟುಕ್ಕೆಂದು ಜೊಲ್ಲು ನುಂಗಿದ. ಮುಳುಗುವವನಿಗೆ ಹುಲ್ಲುಕಡ್ಡಿ. ಆಂಬ್ರೋಸ್ 'ಹನ್ನೊಂದು' ಎಂದು ಬರೆದ.

ಏಳನೆಯದು ಉಗ್ರಾಣದ ನೆಲ ಗುಡಿಸಿದ ಪುಡಿ. ಹನ್ನೊಂದನೆಯದನ್ನು ಕುಡಿದ ಗ್ರಿಮ್‌ಶಾನ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನ ಆಂಬ್ರೋಸನನ್ನು ಕರೆಸಿದ.

"ಸರ್, ಹಾಗಾದ್ರೆ ರಜೆ..."

"ರಜೆಯಾ? ನೆಗಡಿ ಬಂದಾಗ್ಲೂ ಹೀಗೆ ಆರಿಸೋ ಮೂಗನ್ನ ಊರಿಗೆ ಕಳಿಸೋಕೆ ನನಗೇನು ತಲೆ ಕೆಟ್ಟಿದೆಯೇನಯ್ಯಾ? ಇನ್ನೈದು ವರ್ಷ ಇಲ್ಲೇ ಇರು. ಹಡಗಲ್ಲಿ ನಿನ್ನ ಕೋಣೆ ಹಾಳಾಗಲ್ಲ, ಹನ್ನೊಂದನೇ ಚಹಾದ ಪೆಟ್ಟಿಗೆಗಳನ್ನ ಅಲ್ಲೇ ತುಂಬಿಸ್ತೀನಿ."

ಸಂಜೆ ಜಗಲಿಯಲ್ಲಿ ಆಂಬ್ರೋಸನ ಮೂಗು ತಾನಾಗಿಯೇ ಬಿಟ್ಟಿತು. ಗ್ವೋ ಚಹಾ ತಂದಿಟ್ಟ.

"ಅಜ್ಜ, ನೀನು ಜೊಲ್ಲು ನುಂಗಿದ್ದನ್ನ ನೋಡೇ ನಾನು ಬರೆದದ್ದು. ಉಪಕಾರ ಮಾಡ್ದೆ. ನನ್ನ ಹಣೇಬರಹ ಮಾತ್ರ ಹೀಗಾಯ್ತು."

"ನೀವು ನೋಡ್ಲಿ ಅಂತಾನೇ ನುಂಗಿದ್ದು, ದೊರೆ. ಈ ಮನೇಲಿ ನಿಮಗಿಂತ ಮುಂಚೆ ಮೂವರು ಇದ್ರು. ಮೂವರೂ ತಪ್ಪು ಬಟ್ಟಲು ಆರಿಸಿದ್ರು, ಮುಂದಿನ ಹಡಗಿಗೇ ಅವರನ್ನ ಊರಿಗೆ ಸಾಗಹಾಕಿದ್ರು."

ಆಂಬ್ರೋಸ್ ಎತ್ತಿದ ಬಟ್ಟಲನ್ನು ಕೆಳಗಿಟ್ಟ. "ಗೊತ್ತಿದ್ದೂ ಯಾಕೆ ನುಂಗಿದ್ಯೋ, ಪುಣ್ಯಾತ್ಮ?"

"ಇನ್ನೊಬ್ಬ ಹೊಸ ದೊರೆಗೆ ಹೀರೋದು, ಉಗುಳೋದು ಎಲ್ಲಾ ಮೊದಲಿಂದ ಕಲಿಸೋ ವಯಸ್ಸಾ ನಂದು?" ಗ್ವೋ ಅವನ ಕೊರಳಿಂದ ಬೆಳ್ಳುಳ್ಳಿ ಸರ ಬಿಚ್ಚಿದ. "ಆರಿ ಹೋಗತ್ತೆ, ಕುಡೀರಿ. ಹನ್ನೊಂದನೇದು."