ಬೀದಿಬದಿಯ ಕೋಣೆಗೊಂದು ತ್ಯಾಗ

ಕಲ್ಲನ್ನೂ ಕರಗಿಸುವಂಥ ನಾಟಕವನ್ನು ಯಾರೂ ಬರೆಯಬಾರದು. ಇದು ಅನುಭವಸ್ಥನ ಮಾತು. ಕರಗಿದ ಕಲ್ಲು ಯಾವ ಕಡೆಗೆ ಹರಿಯುತ್ತದೆ ಎಂಬುದು ಬರೆದವನ ಕೈಯಲ್ಲಿರುವುದಿಲ್ಲ.

ನನ್ನದು ಹಿಟ್ಟಿನ ಗಿರಣಿ. ಅದಿರುವುದು ಹಿತ್ತಿಲಲ್ಲಿ. ಮೂಟೆ ಹೊತ್ತು ಬರುವವರು ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಅಡ್ಡಡ್ಡ ನಡೆದು ಬರಬೇಕು. (ದಪ್ಪಗಿರುವ ಗಿರಾಕಿಗಳು ಮೊದಲು ಮೂಟೆಯನ್ನು ನೂಕಿ, ಆಮೇಲೆ ತಮ್ಮನ್ನು ನೂಕಿಕೊಳ್ಳುತ್ತಾರೆ.) ಬೀದಿಯ ಕೊನೆಯಲ್ಲಿ ಯಾರೋ ಹೊಸ ಗಿರಣಿ ಹಾಕಿದ ಮೇಲೆ ಇವರೆಲ್ಲ ಅಡ್ಡಡ್ಡ ನಡೆಯುವುದನ್ನು ಬಿಟ್ಟು ನೆಟ್ಟಗೆ ಅಲ್ಲಿಗೇ ಹೋಗತೊಡಗಿದರು. ನಮ್ಮ ಮನೆಯ ಮುಂಭಾಗದಲ್ಲಿ ಬೀದಿಗೇ ಬಾಗಿಲಿರುವ ದೊಡ್ಡ ಕೋಣೆಯೊಂದಿದೆ. ಯಂತ್ರವನ್ನು ಅಲ್ಲಿಗೆ ತಂದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಬೇಕು. ಆದರೆ ಅಪ್ಪ ಪಾಲು ಮಾಡುವಾಗ ಆ ಕೋಣೆಯನ್ನು ತಮ್ಮನಿಗೆ ಕೊಟ್ಟಿದ್ದ. ತಮ್ಮ ಪಟ್ಟಣದಲ್ಲಿ ನೀರು ಸರಬರಾಜಿನ ಇಂಜಿನಿಯರು. ಕೋಣೆಗೆ ಬೀಗ ಬಿದ್ದಿದೆ, ಒಳಗೆ ಜೇಡಗಳು ಸುಖವಾಗಿ ಸಂಸಾರ ಮಾಡಿಕೊಂಡಿವೆ.

"ಕೇಳಿದ್ರೆ ಕೊಡ್ತಾರೆ ಕಣ್ರೀ," ಎಂದಳು ಹೆಂಡತಿ. "ಮುಂದಿನ ಸಲ ಬಂದಾಗ ಊಟಕ್ಕೆ ಕೂರಿಸಿ, ಬಾಯಿಬಿಟ್ಟು ಕೇಳಿ. ಮುಗೀತು."

"ಅಣ್ಣನಾಗಿ ತಮ್ಮನ ಮುಂದೆ ಕೈ ಚಾಚೋದಾ? ಅವನಿಗೇ ಅನ್ನಿಸಬೇಕು ಕಣೇ."

"ಅಳದ ಮಗುಗೆ ಅಮ್ಮನೂ ಹಾಲು ಕೊಡಲ್ಲ."

"ಅಳೋದು ನಾನಲ್ಲ, ಅವನು," ಎಂದೆ. ಊರಿಗೆಲ್ಲ ನೀರು ಹರಿಸುವವನ ಕಣ್ಣಲ್ಲೇ ನೀರು ಹರಿಸುವ ಮಹಾಯೋಜನೆ ಆಗಲೇ ನನ್ನ ತಲೆಯಲ್ಲಿ ಸಿದ್ಧವಾಗಿತ್ತು.

ಅದಕ್ಕಾಗಿ ನಾನು ಬರೆದ ನಾಟಕದ ಹೆಸರು 'ಸವೆದ ನೇಗಿಲು, ಬೆಳೆದ ತಮ್ಮ'. ಬಡ ರೈತ ದಂಪತಿಗೆ ಒಬ್ಬ ಮಗನನ್ನಾದರೂ ಸಾಹೇಬನನ್ನಾಗಿ ಮಾಡುವ ಹಂಬಲ. ಹಿರಿಯ ಮಗ ಪುಸ್ತಕ ಬಿಟ್ಟು ನೇಗಿಲು ಹಿಡಿಯುತ್ತಾನೆ. ಎರಡನೇ ಅಂಕದಲ್ಲಿ ತಮ್ಮನ ಓದಿಗಾಗಿ ಹೊಲ ಮಾರುತ್ತಾನೆ. ಮೂರನೆಯದರಲ್ಲಿ ಎತ್ತನ್ನೂ ಮಾರಿ ತಾನೇ ನೊಗಕ್ಕೆ ಹೆಗಲು ಕೊಡುತ್ತಾನೆ. ಸಾಹೇಬನಾದ ತಮ್ಮ ಬಂದಿಳಿಯುವ ಹೊತ್ತಿಗೆ ಸರಿಯಾಗಿ ಪ್ರಾಣ ಬಿಡುತ್ತಾನೆ. ಅಣ್ಣನ ಪಾತ್ರ ಯಾರದೆಂದು ಬೇರೆ ಹೇಳಬೇಕಿಲ್ಲ. ತಾಯಿಯ ಪಾತ್ರಕ್ಕೆ ಯಾರೂ ಒಪ್ಪದ್ದರಿಂದ ಬಿಳಿಗೂದಲಿನ ಟೋಪನ್ನು ಹಾಕಿಸಿ ಹೆಂಡತಿಯನ್ನೇ ನಿಲ್ಲಿಸಿದೆ. ನಿರ್ದೇಶನ ನಮ್ಮೂರಿನ ನಾಟಕ ಮಂಡಳಿ ನಡೆಸುವ ಕ್ಷೌರಿಕನದು. ಊರಿನ ತಲೆಗಳೆಲ್ಲ ಅವನ ಕೈಯಲ್ಲಿರುವುದರಿಂದ ಅವನು 'ಡೈರೆಕ್ಟರು' ಎಂದೇ ಪ್ರಸಿದ್ಧ.

"ಅಮ್ಮಾ, ತಮ್ಮನಿಗೋಸ್ಕರ ಶಾಲೆಯನ್ನೇ ಬಿಟ್ಟೆ!" ಎಂದು ನಾನು ಅಭ್ಯಾಸದಲ್ಲಿ ಗದ್ಗದಿಸಿದರೆ ಅಮ್ಮನಾದವಳು ಸೊಂಟದ ಮೇಲೆ ಕೈಯಿಟ್ಟಳು.

"ನೀವು ಶಾಲೆ ಬಿಟ್ಟಿದ್ದಲ್ಲ, ಶಾಲೇನೇ ನಿಮ್ಮನ್ನ ಬಿಟ್ಟಿದ್ದು ಅಂತ ಅತ್ತೆ ಹೇಳ್ತಿದ್ರಲ್ಲ?"

"ಇದು ಕಲೆ ಕಣೇ!"

"ಆಗಲಿ. ಎರಡನೇ ಅಂಕದಲ್ಲಿ ಹೊಲ ಮಾರಿದ್ರಿ. ಮೂರನೇದ್ರಲ್ಲಿ ಏನನ್ನ ಉಳ್ತೀರಿ?"

"ಅಕ್ಕಾ, ಅಳೋ ಜನ ಲೆಕ್ಕ ಹಾಕಲ್ಲ," ಎಂದು ಡೈರೆಕ್ಟರು ನನ್ನ ಮಾನ ಕಾಪಾಡಿದ.

ಅವನದು ಒಂದೇ ಕಟ್ಟಳೆ: ಸತ್ತವರು ಪರದೆ ಬೀಳುವವರೆಗೆ ಮಿಸುಕುವಂತಿಲ್ಲ. ಹಿಂದಿನ ನಾಟಕದಲ್ಲಿ ಹತನಾದ ಮಹಾರಾಜನೊಬ್ಬ ಸೊಳ್ಳೆ ಹೊಡೆದುಕೊಂಡಿದ್ದ. ಅವನಿಗೆ ಡೈರೆಕ್ಟರು ಇಂದಿಗೂ ಅರ್ಧ ಗಡ್ಡ ಮಾತ್ರ ಬೋಳಿಸಿ ಕಳಿಸುತ್ತಾನೆ. ಇನ್ನೊಂದು ಪದ್ಧತಿ ಇಡೀ ಊರಿನದು. ಆಟ ಮೆಚ್ಚಿದವರು ನಡುವೆಯೇ ರಂಗಕ್ಕೆ ಹತ್ತಿ ನಾಲ್ಕು ಮಾತಾಡಬಹುದು. ಅವರ ಮಾತು ಮುಗಿಯುವವರೆಗೆ ಪಾತ್ರಧಾರಿಗಳು ಇದ್ದ ಹಾಗೇ ಇರಬೇಕು.

ನಾಟಕದ ದಿನ ತಮ್ಮ ಪಟ್ಟಣದಿಂದ ಬಂದು, ತನ್ನ ಹೆಂಡತಿಯೊಂದಿಗೆ ಮುಂದಿನ ಸಾಲಿನಲ್ಲೇ ಕೂತ. ಹೊಲ ಮಾರಿದಾಗ ಕರವಸ್ತ್ರ ತೆಗೆದ. ನಾನು ನೊಗಕ್ಕೆ ಹೆಗಲು ಕೊಟ್ಟಾಗ ಅವನ ಹೆಗಲು ಕುಲುಕುತ್ತಿತ್ತು. ಯಂತ್ರವನ್ನು ಕೋಣೆಯ ಯಾವ ಮೂಲೆಯಲ್ಲಿ ಕೂರಿಸುವುದೆಂದು ನೊಗದಡಿಯಲ್ಲೇ ನಾನು ನಿರ್ಧರಿಸಿಬಿಟ್ಟೆ. ನಿಜ ಹೇಳಬೇಕೆಂದರೆ ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಕೊನೆಯ ದೃಶ್ಯ. ಹೆಂಡತಿಯ, ಅಂದರೆ ಅಮ್ಮನ, ತೊಡೆಯ ಮೇಲೆ ತಲೆಯಿಟ್ಟು ಅಬ್ಬರಿಸಿದೆ: "ತಮ್ಮಾ, ನನಗೇನೂ ಕೊಡಬೇಡ! ಕೊಟ್ಟರೆ ನನ್ನ ತ್ಯಾಗಕ್ಕೆ ಬೆಲೆ ಕಟ್ಟಿದಂತೆ! ಕೊಡುವುದಿದ್ದರೆ ಊರಿಗೆ ಕೊಡು!" (ಊಟಕ್ಕೆ ಕೂತವರು 'ಸಾಕು, ಸಾಕು' ಎಂದರೆ ತಾನೆ ಇನ್ನೊಂದು ಸೌಟು ಬೀಳುವುದು? ಆ ಲೆಕ್ಕದಲ್ಲಿ ಬರೆದದ್ದು.) ಇಷ್ಟು ಹೇಳಿ, ಕುತ್ತಿಗೆ ವಾಲಿಸಿ, ಸತ್ತೆ.

ಪರದೆ ಬೀಳುವ ಮೊದಲೇ ತಮ್ಮ ದಡದಡನೆ ರಂಗ ಹತ್ತಿದ. ಅರೆಗಣ್ಣಲ್ಲಿ ನೋಡಿದೆ. ಅವನ ಕೈಯಲ್ಲಿ ಕೀಲಿಕೈ! ಹೆಣದ ಎದೆ ಢವಢವ ಹೊಡೆದುಕೊಂಡಿತು.

"ನಮ್ಮ ಮನೆಯ ಮುಂದಿನ ಕೋಣೆ ನನ್ನ ಪಾಲಿಗೆ ಬಂದಿದ್ದು," ಎಂದ ತಮ್ಮ. "ಅಣ್ಣನ ಗಿರಣಿಗೆ ಇರಲಿ, ಇವತ್ತು ಕೊಟ್ಟುಬಿಡೋಣ ಅಂತ ಕೀಲಿಕೈ ಜೇಬಲ್ಲಿಟ್ಟುಕೊಂಡೇ ಬಂದಿದ್ದೆ. ಎಂಥ ಸಣ್ಣ ಬುದ್ಧಿ ನಂದು! ಈಗ ಕೊಟ್ರೆ ಇಂಥ ಅಣ್ಣನಿಗೆ ಅವಮಾನ ಮಾಡಿದ ಹಾಗಲ್ವಾ? ಅವನ ಮಾತಿನಂತೆ ಕೋಣೆನ ಊರಿಗೇ ಕೊಡ್ತೀನಿ. ನಾಟಕ ಮಂಡಳಿ ಅಲ್ಲೇ ಅಭ್ಯಾಸ ಮಾಡಲಿ!"

"ಎದ್ದೇಳ್ರೀ, ಕೊಟ್ಟೇಬಿಟ್ರು!" ಹೆಂಡತಿ ರೋದನದ ನಡುವೆ ನನ್ನ ಪಕ್ಕೆ ಚಿವುಟಿದಳು. ಪರದೆಯ ಮರೆಯಲ್ಲಿ ಡೈರೆಕ್ಟರು 'ಮಿಸುಕಿದರೆ ನೋಡು' ಎಂಬಂತೆ ಬೆರಳು ಆಡಿಸುತ್ತಿದ್ದ. ಎದ್ದು ನಾನು ಹೇಳುವುದಾದರೂ ಏನು? ನನಗೇನೂ ಬೇಡವೆಂದು ಇಡೀ ಊರಿನ ಮುಂದೆ ಕೂಗಿ ಸತ್ತು ಇನ್ನೂ ಎರಡು ನಿಮಿಷವಾಗಿರಲಿಲ್ಲ.

"ಅಣ್ಣಾ, ನಿನಗೆ ಒಪ್ಪಿಗೆ ತಾನೆ?" ಎಂದು ತಮ್ಮ ನನ್ನ ಮುಂದೆ ಮಂಡಿಯೂರಿದ.

ಮೌನಂ ಸಮ್ಮತಿ ಲಕ್ಷಣಂ. ಹೆಣದ ಮೌನವಂತೂ ರುಜು ಹಾಕಿದಷ್ಟೇ ಗಟ್ಟಿ. ಆದರೆ ಕಣ್ಣು ನನ್ನ ಮಾತು ಕೇಳಲಿಲ್ಲ. ಎರಡೂ ಕೆನ್ನೆಯ ಮೇಲೆ, ಬಣ್ಣವನ್ನೆಲ್ಲ ತೊಳೆದುಕೊಂಡು, ನೀರು ಧಾರಾಕಾರವಾಗಿ ಇಳಿಯಿತು.

"ನೋಡಿ, ನೋಡಿ! ಸತ್ತರೂ ಅಣ್ಣನಿಗೆ ಆನಂದಬಾಷ್ಪ!" ತಮ್ಮ ಕೂಗಿದ. ಚಪ್ಪಾಳೆ ಮುಗಿಲು ಮುಟ್ಟಿತು. ಪರದೆ ಬಿತ್ತು.

ಡೈರೆಕ್ಟರು ಕೀಲಿಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಂದ. "ಎಲ್ಲಾ ಚೆನ್ನಾಗಿತ್ತಣ್ಣಾ. ಆದ್ರೆ ಹೆಣ ಅಳಬಾರದು. ನಾಳೆಯಿಂದ ನಿಮ್ಮ ಕೋಣೇಲೇ ಪ್ರಾಕ್ಟೀಸು, ತಿದ್ದಿಕೊಳ್ಳೋಣ ಬಿಡಿ. ಒಂದು ಉಪಕಾರ ಮಾತ್ರ ಮಾಡಿ, ಸಂಜೆ ಹೊತ್ತು ಗಿರಣಿ ಓಡಿಸಬೇಡಿ. ಆ ಸದ್ದಲ್ಲಿ ಡೈಲಾಗು ಕೇಳಿಸಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬಿಳಿ ಟೋಪನ್ನನ್ನು ಕಿತ್ತು ನನ್ನ ಕೈಗಿಟ್ಟಳು.

"ಓಡಿಸಲ್ಲ ಬಿಡಪ್ಪಾ," ಎಂದಳು. "ಅದನ್ನೂ ತ್ಯಾಗ ಮಾಡ್ತಾರೆ."