ಬಿಸಿಲಿಗೊಬ್ಬ ಮೇಸ್ತ್ರಿ

ನಾನು ಆಶಾ ಕಾರ್ಯಕರ್ತೆ. ಊರಿಗಾಂನ ಹಳೇ ಗಣಿ ಕಾರ್ಮಿಕರ ಲೈನ್‌ಮನೆಗಳಲ್ಲಿ ನಾನು ಒಂದು ಹೇಳಿದರೆ, ಜನ ಅದನ್ನ ಶ್ರದ್ಧೆಯಿಂದ ಇನ್ನೊಂದು ಮಾಡಿಟ್ಟಿರ್ತಾರೆ. ಬೇಸಿಗೇಲಂತೂ ಕೇಳಲೇಬೇಡಿ.

ರಸಂ

ಏಪ್ರಿಲ್‌ನಲ್ಲಿ ಒಬ್ಬ ಅಜ್ಜಿ ಕೈ ಹಿಡ್ಕೊಂಡು ಅತ್ತೇಬಿಟ್ಟರು. "ಓದ್ ಬೇಸ್ಗೇಲಿ ನಮ್ಮನೆಯವ್ರು ನಲ್ಲಿ ಅತ್ರ ಬಿದ್ಬುಟ್ರು ಕಣಮ್ಮ. ಈ ಸಲಾನೂ ಮದ್ಯಾನ್ನ ಒಳಗ್ ನಿಲ್ಲಲ್ಲ. ಇನ್ನೊಂದ್ಸಲ ಬಿದ್ರೆ ಏಳ್ತಾರೋ ಇಲ್ವೋ."

ಓಆರ್‌ಎಸ್ ಪುಡಿಯ ಪೊಟ್ಟಣ ಕೊಟ್ಟು, "ನೀರಲ್ಲಿ ಕದಡಿ ಕುಡಿಸಿ" ಅಂದೆ.

ಎರಡು ದಿನ ಬಿಟ್ಟು ಹೋದರೆ ತಾತ ಮುಖ ಗಂಟು ಹಾಕ್ಕೊಂಡು ಕೂತಿದ್ದರು. "ರಸಂ ಒಳಗ್ ಕಿತ್ತಳೆ ಹಣ್ಣಿನ ವಾಸ್ನೆ ಬತ್ತೈತಮ್ಮ!"

"ನೀರು ಕೊಟ್ರೆ ಕುಡಿಯಲ್ಲ, ಅದ್ಕೇ ಆ ಪುಡೀನ ರಸಕ್ಕೇ ಕದಡ್ದೆ. ರಸಾನೂ ನೀರೇ ತಾನೇ?" ಅಂದರು ಅಜ್ಜಿ.

ಕಾಣದ ಬಿಸಿಲು

ತಾತ ಚಿನ್ನದ ಗಣೀಲಿ ಮೇಸ್ತ್ರಿ ಆಗಿದ್ದವರು. "ಹನ್ನೆರಡರಿಂದ ಮೂರರ ತನಕ ಒಳಗಿರಿ ತಾತ" ಅಂದೆ.

"ಪೋಮ್ಮಾ, ಓಗಮ್ಮ! ಭೂಮಿ ಒಳಗ್ ಬಂಡೆ ಮುಟ್ಟಿದ್ರೆ ಕೈ ಸುಡೋದು. ಅಲ್ಲಿ ಬೆಂದವ್ನಿಗೆ ಇದೂ ಒಂದು ಬಿಸ್ಲಾ?"

"ಅಲ್ಲಿ ಬಿಸಿಲೆಲ್ಲಿತ್ತು ತಾತ, ಬರೀ ಕತ್ತಲೆ!"

"ಅದಕ್ಕೇ ಕಣಮ್ಮ. ಮೂವತ್ತು ವರ್ಷ ಬಿಸ್ಲೇ ಕಂಡಿಲ್ಲ. ಈಗ್ಲಾದ್ರೂ ನೋಡ್ಕೊಳ್ಳೋದ್ ಬ್ಯಾಡ್ವಾ?"

ಕೊನೇ ಆಳು

ಒಂದು ಉಪಾಯ ಹೂಡಿದೆ. "ತಾತ, ನಿಮ್ಮ ಮಾತನ್ನ ಎಲ್ಲರೂ ಕೇಳ್ತಾರೆ. ಮಧ್ಯಾಹ್ನ ಈ ಲೈನಲ್ಲಿ ಯಾರೂ ಬಿಸಿಲಲ್ಲಿ ಇರದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದು." ತಾತನ ಎದೆ ಉಬ್ಬಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೇ ದಿನ ಒಂದು ಗಂಟೆಗೆ ಹೋದರೆ ಲೈನೆಲ್ಲ ಖಾಲಿ. ನಡುಬೀದೀಲಿ, ಉರಿಬಿಸಿಲಲ್ಲಿ, ತಾತ ಒಬ್ಬರೇ ಬೆವರು ಸುರಿಸ್ತಾ ನಿಂತಿದ್ದಾರೆ! ಓಡಿಹೋದೆ.

"ಎಲ್ರುನ್ನೂ ಒಳಗ್ ಕಳ್ಸಿದೀನಿ. ನಾಯೀನೂ ಬಿಟ್ಟಿಲ್ಲ!"

"ಮತ್ತೆ ನೀವು?"

"ಕೊನೇ ಆಳು ಓಗೋವರ್ಗೂ ಮೇಸ್ತ್ರಿ ಗಣಿ ಬಿಡಂಗಿಲ್ಲ. ಇನ್ನೂ ಒಬ್ರು ಆಚೆ ಅವ್ರೆ."

"ಯಾರು?"

"ನೀನೇ ಕಣಮ್ಮ! ನಡಿ ಒಳಕ್ಕೆ!"

"ನೀವು ಹೋಗದೆ ನಾನು ಹೋಗಲ್ಲ. ಅದು ನನ್ನ ಡ್ಯೂಟಿ."

"ನಂದೂ ಅದೇ ಡ್ಯೂಟಿ!"

ಇಬ್ಬರೂ ಬಿಸಿಲಲ್ಲೇ ನಿಂತು ಹಠ ಸಾಧಿಸ್ತಿದ್ವಿ. ಅಷ್ಟರಲ್ಲಿ ಅಜ್ಜಿ ಬಿಂದಿಗೆ ಹಿಡಿದು ಬಂದವರೇ ಇಬ್ಬರ ತಲೆ ಮೇಲೂ ದಬದಬ ನೀರು ಸುರಿದುಬಿಟ್ಟರು. "ಬಟ್ಟೆ ಬದ್ಲಾಯ್ಸೋಕಾದ್ರೂ ಒಳಗ್ ಬನ್ನಿ!"

ಮೊದಲು ಒಳಗೆ ಓಡಿದ್ದು ಮೇಸ್ತ್ರೀನೇ.