ಡೋಣಿ ಮಾಂವಾರಿಗೆ ಟ್ರ್ಯಾಲಿ ಆರಿಸಿಕೊಟ್ಟದ್ದು

ಅಳಿಯಾ ಅನ್ನೋ ನೌಕರಿಗೆ ರಿಟಾಯರ್ಮೆಂಟ್ ಇಲ್ಲ ನೋಡ್ರಿ, ಹಿಂಗಾಗಿ ಅದರಾಗಿನ ಫಜೀತಿಗೂ ಕೊನಿ ಇಲ್ಲ. ನಾನು ಬೆಟಗೇರಿಯ ಒಂದು ಹೈಸ್ಕೂಲಿನ್ಯಾಗ ಡ್ರಾಯಿಂಗ್ ಮಾಸ್ತರ. ಹುಡುಗ್ರ ಕಡಿಂದ ಮಾವಿನಹಣ್ಣು, ಹೂಜಿ ಬರಸೂದು ನನ್ನ ಕೆಲಸ. ಆದ್ರ ಡೋಣಿಯ ನಮ್ಮ ಮಾಂವಾರು, ಪ್ಯಾಟ್ಯಾಗ ಇರೋ ಅಳಿಯಾ ಅಂದಮ್ಯಾಲ ಇವಗ ಎಲ್ಲಾ ಗೊತ್ತಿರತೈತಿ ಅಂತ ತಿಳಕೊಂಡಿದ್ರು. ಆ ನಂಬಿಕಿ ಮ್ಯಾಲ ನಾ ಅವರಿಗೆ ಒಂದು ಪಂಪ್‌ಸೆಟ್ ಆರಿಸಿಕೊಟ್ನಿ. ಮೂರನೇ ದಿನಕ್ಕ ಹೊಗಿ ಬಿಟ್ಟು ಮಲಗ್ತು. ಆಮ್ಯಾಲ ಒಂದು ಎಮ್ಮಿ ಆರಿಸಿಕೊಟ್ನಿ. ಅದು ಹಾಲು ಕೊಟ್ಟದ್ದಕ್ಕಿಂತ ಒದ್ದದ್ದ ಹೆಚ್ಚು. ಅವತ್ತಿನಿಂದ ಆ ಮನ್ಯಾಗ ನನಗ ಹೋಳಿಗಿ ಸಿಗತಿತ್ತು, ತುಪ್ಪ ಸಿಗತಿತ್ತು, ಆದ್ರ ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತು ಉಳೀಲಿಲ್ಲ.

ಈ ವರ್ಷ ಮಾಂವಾರ ಟ್ರ್ಯಾಕ್ಟರಿನ ಹಳೇ ಟ್ರ್ಯಾಲಿ ತುಕ್ಕು ಹಿಡದು ತಳಾ ಬಿಟ್ಟಿತು. ಹೊಲದಿಂದ ಹೊಂಟ ಉಳ್ಳಾಗಡ್ಡಿ ಅರ್ಧ ಮನಿಗೆ, ಅರ್ಧ ರಸ್ತಾಕ್ಕ. ಬರೇ ಮಾಲು ಹೇರೂದಿದ್ರ ಹೆಂಗರ ನಡೀತಿತ್ತು. ಆದ್ರ ವರ್ಷಕ್ಕೊಮ್ಮೆ ಮನಿಮಂದಿಯೆಲ್ಲಾ ಅದರಾಗ ಹಾಸಿಗಿ, ಒಲಿ, ರೊಟ್ಟಿ ಬುಟ್ಟಿ ಹೇರಕೊಂಡು, ಮ್ಯಾಲ ತಾಡಪತ್ರಿ ಕಟ್ಟಿ, ನಾಕು ದಿನ ದೇವರಿಗೆ ಹೋಗ್ತಾರ. ಆ ನಾಕು ದಿನ ಟ್ರ್ಯಾಲೀನ ಅವರಿಗೆ ಮನಿ.

ಮಾಂವಾರು ಫೋನ್ ಹಚ್ಚಿ, “ಅಳ್ಯಾರ, ಹೊಸಾ ಟ್ರ್ಯಾಲಿ ತಗೋಬೇಕು. ನೀವು ಬರಾಕಬೇಕು. ನಿಮ್ಮ ಮಾತು ಬೀಳದ ನಾವು ಮುಂದ ಹೋಗಂಗಿಲ್ಲ” ಅಂದ್ರು.

ಖರೆ ಹೇಳ್ತೀನಿ, ನನಗ ಕಣ್ಣಾಗ ನೀರು ಬಂದ್ವು. ಹೋದ ಮರ್ಯಾದಿ ತಿರುಗಿ ತರಾಕ ದೇವರು ಕೊಟ್ಟ ಛಾನ್ಸು ಇದು, ಈ ಸಲ ಏನಾರ ಆಗಲಿ, ಛಲೋ ಮಾಲು ಆರಿಸಿ ತೋರಸೇಬೇಕು ಅಂತ ಹಟಾ ತೊಟ್ನಿ. ಮಾಂವಾರು, ಅತ್ತಿಯವರು, ನನ್ನ ಹೇಣ್ತಿ, ನಾನು, ನಾಕೂ ಮಂದಿ ರವಿವಾರಕ್ಕೊಂದು ಊರು ಅಂತ ಹೊಂಟ್ವಿ.

ಗದಗ: ಗಡಿಗಿ ಪರೀಕ್ಷಾ

ಗದಗಿನ ಅಂಗಡಿ ಭಾಳ ಝಗಮಗ. ನಡುವ ನಿಂತಿತ್ತು ಒಂದು ನೀಲಿ ಟ್ರ್ಯಾಲಿ. ಅಂಚಿಗೆ ಹಳದಿ ಪಟ್ಟಿ, ಮೂಲಿಗೆ ಕಮಲದ ಹೂ. ಬಣ್ಣದ ಮಾಸ್ತರ ನಾ, ನೋಡಿದವನ ಕರಗಿಬಿಟ್ನಿ.

“ಮಾಂವಾರ, ಇದ ಛಲೋ. ಫಿನಿಶಿಂಗ್ ನೋಡ್ರಿ, ಒಂದು ಗೆರಿ ಸೊಟ್ಟ ಇಲ್ಲ!”

ಮಾಂವಾರು ನಕ್ಕು, “ಹೌದಾ ಅಳ್ಯಾರ?” ಅಂದ್ರು. ಅತ್ತಿಯವರು ಸೀದಾ ಹೋಗಿ, ಸಂತ್ಯಾಗ ಗಡಿಗಿ ಬಾರಿಸಿ ನೋಡ್ತಾರಲ್ಲ, ಹಂಗ ಬೆರಳು ಮಡಚಿ ಟ್ರ್ಯಾಲಿ ಬಾರಸಾಕ ಹತ್ತಿದ್ರು. ಠಣ್, ಠಣ್, ಠಣ್. ಅಂಗಡಿಯವಗ ಕಸಿವಿಸಿ ಆತು.

“ಅವ್ವಾರ, ಇದು ಗಡಿಗಿ ಅಲ್ರಿ.”

“ಗಡಿಗಿ ಮಾರಾಕಿ ತಾನ ಬಾರಿಸಿ ತೋರಸ್ತಾಳಪಾ. ನೀ ಯಾಕ ಬೆವರ್ತಿ?”

ಠಣ್, ಠಣ್, ದಬ್. ಕಮಲದ ಹೂವಿನ ಮ್ಯಾಲ ಬಂದಾಗ ಸಪ್ಪಳ ಕೆಟ್ಟಿತು. ಅತ್ತಿಯವರು ಅಲ್ಲೆ ಉಗುರಿಲೆ ಕೆರದ್ರು. ಅಂಗೈಯಷ್ಟು ಬಣ್ಣ ಕಿತ್ತು ಬಂತು. ಒಳಗ ತಗಡು ಎಲ್ಲೋ ಬಡಿಸಿಕೊಂಡು ತಗ್ಗು ಬಿದ್ದಿತ್ತು, ಅದಕ್ಕ ಪುಟ್ಟಿ ಮೆತ್ತಿ, ಮ್ಯಾಲ ಹೂ ಬರದಿದ್ರು.

“ಇದು ಬರೇ ಸ್ಯಾಂಪಲ್ಲರಿ ಅವ್ವಾರ, ನಿಮಗ ಬ್ಯಾರೇದ್ದ ಕೊಡ್ತೀವಿ” ಅಂದ ಅಂಗಡಿಯವ.

ಅತ್ತಿಯವರು ಸೆರಗಿಗೆ ಕೈ ಒರಸಿಕೊಂಡು, “ಅನ್ನ ಬೆಂದೈತಿಲ್ಲೋ ನೋಡಾಕ ಒಂದ ಅಗಳು ಹಿಚುಕಿದ್ರ ಸಾಕಪಾ, ಗಡಿಗಿ ಎಲ್ಲಾ ಉಣಬೇಕಂತೇನಿಲ್ಲ” ಅಂದ್ರು.

ಲಕ್ಷ್ಮೇಶ್ವರ: ಮನಿಬಾಗಿಲಿಗೆ ಸರ್ವಿಸ್

ಲಕ್ಷ್ಮೇಶ್ವರದಾಂವ ಮಾಲಿಗಿಂತ ಮಾತು ಗಟ್ಟಿ ಕಟ್ಟಿದ್ದ. ಕುರ್ಚಿ ಹಾಕಿದ, ಮಿರ್ಚಿ ತರಿಸಿದ, ಚಾ ಕುಡಿಸಿದ. “ಟ್ರ್ಯಾಲಿ ಎಲ್ಲಾರೂ ಮಾರ್ತಾರ್ರಿ. ಮಾರಿದಮ್ಯಾಲ ನೋಡಾವ್ರು ಯಾರು? ನಡುರಾತ್ರಿ ಫೋನ್ ಹಚ್ರಿ, ಎದ್ದ ಧೋತರದಾಗ ಓಡಿ ಬರ್ತೀನಿ” ಅಂದ.

ನಾ ಮಿರ್ಚಿ ಕಡ್ಕೋತ, “ಮಾಂವಾರ, ಸರ್ವಿಸ್ ಅಂದ್ರ ಇದು! ಕಣ್ಣು ಮುಚ್ಚಿ ತಗೋರಿ” ಅಂದ್ನಿ.

ಮಾಂವಾರು ಮತ್ತ ನಕ್ಕು, “ಹಂಗಂತೀರಿ? ಆತು, ಒಂದೀಟು ಎಲಿ-ಅಡಿಕಿ ತಗೊಂಡು ಬರ್ತೀನಿ” ಅಂತ ಹೊರಗ ಹೋದ್ರು. ಎರಡು ನಿಮಿಷ ಆಗಿರಬೇಕು, ಮಾಲಕನ ಫೋನ್ ರಿಂಗಾತು. ಅಂವ ಎತ್ತಿದ. ಆ ಕಡಿ ಮಾತು ನಮಗ ಕೇಳಲಿಲ್ಲ, ಈ ಕಡೀದು ಪೂರಾ ಕೇಳ್ತು.

“ಹಲೋ... ಹೋದ ವರ್ಷ ಒಯ್ದದ್ದಾ?... ಆಕ್ಸಲ್ ಮುರೀತಾ? ಅಯ್ಯ! ರಸ್ತಾದಾಗ ನಿಂತೀರಾ?... ನಾ ಊರಾಗಿಲ್ರಿ, ಹುಬ್ಬಳ್ಳಿಗೆ ಬಂದೀನಿ. ಇಲ್ಲೆ ದವಾಖಾನ್ಯಾಗ ಅದೀನಿ, ನಾಳೆ ಮಾತಾಡೂಣು!”

ಫೋನ್ ಇಟ್ಟು, ನಮ್ಮ ಕಡೆ ನೋಡಿ, “ಏನ್ ಮಾಡೂದ್ರಿ, ಮಂದಿ ಸುಳ್ಳ ತ್ರಾಸ ಕೊಡ್ತಾರ” ಅಂದ. ಅಷ್ಟರಾಗ ಮಾಂವಾರು ಕಿವಿಗೆ ಫೋನ್ ಹಿಡಕೊಂಡ ಬಾಗಿಲದಾಗ ಬಂದು ನಿಂತ್ರು. ಹೊರಗ ಬೋರ್ಡಿನ ಮ್ಯಾಲಿನ ನಂಬರಿಗೆ ಹಚ್ಚಿ, ಗಿರಾಕಿ ಆಗಿ ಮಾತಾಡಿದಾವ್ರು ಅವರ!

ಒಳಗ ಎಲ್ಲಾ ಕಡೆ ಕಣ್ಣಾಡಿಸಿ ಮಾಂವಾರು ಅಂದ್ರು: “ದವಾಖಾನಿ ಭಾಳ ಛಲೋ ಐತ್ರಿ. ಪೇಶೆಂಟಿಗೆ ಮಿರ್ಚಿ-ಚಾನೂ ಕೊಡ್ತಾರ.”

ಶಿರಹಟ್ಟಿ: ಬೀಗರ ಸರ್ಟಿಫಿಕೇಟು

ಎರಡು ಸಲ ಮುಖಕ್ಕ ಮಸಿ ಹತ್ತಿತ್ತಲ್ಲ, ಶಿರಹಟ್ಟಿಯೊಳಗ ನಾ ಶಾಣ್ಯಾತನ ಮಾಡಿದ್ನಿ. ಅಲ್ಲಿ ಟ್ರ್ಯಾಲಿ ಕಟ್ಟಾಂವಗ, “ನಿಮ್ಮ ಮಾತು ಬ್ಯಾಡ. ನಿಮ್ಮ ಕಡಿಂದ ಒಯ್ದ ಗಿರಾಕಿ ಒಬ್ಬರನ್ನ ತೋರಸ್ರಿ” ಅಂದ್ನಿ. ಅಂವ ಹಿಂದಿನ ಓಣಿಯ ಒಬ್ಬ ರೈತನ ಮನಿಗೆ ಕಳಿಸಿದ.

ಆ ರೈತ ಟ್ರ್ಯಾಲಿ ಹೊಗಳಿದ್ದೂ ಹೊಗಳಿದ್ದ. “ಎಂಟು ವರ್ಷ ಆತು. ಒಂದು ಬೋಲ್ಟು ಸಡ್ಲ ಆಗಿಲ್ಲ!” ನಾ ಗೆದ್ದೆನಪಾ ಅಂತ ಮಾಂವಾರ ಮುಖ ನೋಡಿದ್ನಿ. ಆದ್ರ ಅತ್ತಿಯವರು ಒಳಗ ಹೋಗಿ ಆ ಮನಿ ಹೆಣಮಗಳ ಸಂಗಟ ಕುಂತಿದ್ರು. “ನಿನ್ನ ತವರಮನಿ ಯಾವೂರವ್ವಾ? ನಿಮ್ಮಪ್ಪ ಯಾರು?” ಅಂತ ಶುರುವಾದ ಮಾತು, ಒಂದು ತಾಟು ಅವಲಕ್ಕಿ ಖಾಲಿ ಆಗೂದ್ರಾಗ ಎಲ್ಲಾ ಬಿಚ್ಚಿತು. ಆಕಿ ಟ್ರ್ಯಾಲಿ ಕಟ್ಟಾವನ ಒಡಹುಟ್ಟಿದ ತಂಗಿ. ಅಷ್ಟ ಅಲ್ಲ, ಕಳಸಾಪುರದ ನಮ್ಮ ನೆಂಟರ ಕಡಿಂದ ಎಳಕೊಂಡು ಬಂದ್ರ ನಮಗೂ ಬೀಗರು!

ಉಡಿ ತುಂಬಿಸಿಕೊಂಡು ಹೊರಗ ಬಂದ ಅತ್ತಿಯವರು, “ನಡೀರಿ ಹೋಗೂಣು, ಇದು ಬ್ಯಾಡ” ಅಂದ್ರು.

“ಯಾಕ್ರಿ ಅತ್ತೀ? ಬೀಗರಂದ್ರ ಮೋಸ ಮಾಡಂಗಿಲ್ಲಲ್ರಿ.”

“ಮೋಸದ್ದಲ್ರಿ ಅಳ್ಯಾರ. ನಾಳೆ ಟ್ರ್ಯಾಲಿ ಮುರೀತು ಅಂದ್ರ ಬಾಯಿ ತುಂಬ ಬಯ್ಯಾಕ ಒಬ್ಬಾವ ಬೇಕಲ್ಲ? ಬೀಗರಿಗೆ ಬೈದ್ರ ಮುಂದಿನ ಲಗ್ನಕ್ಕ ಊಟಾ ತಪ್ಪತೈತಿ!”

ಮುಂಡರಗಿ: ನನ್ನ ಮಾತಿಗೆ ಬಂದ ಬೆಲಿ

ಇನ್ನ ಉಳಿದದ್ದು ಮುಂಡರಗಿ ಒಂದ. ಅಲ್ಲಿ ಶೆಡ್ಡಿನ್ಯಾಗ ಒಂದು ಕೆಂಪು ಟ್ರ್ಯಾಲಿ ನಿಂತಿತ್ತು, ಹಿಂದಿನ ಬಾಗಿಲ ಮ್ಯಾಲ ತಾಡಪತ್ರಿ ಇಳಿಬಿಟ್ಟಿದ್ರು. ಈ ಸಲ ನಾ ಗಡಬಡ ಮಾಡಲಿಲ್ಲ. ಬಣ್ಣ ನೋಡಲಿಲ್ಲ, ಚಾ ಮುಟ್ಟಲಿಲ್ಲ. ಅಂಗಿ ತೋಳು ಮಡಚಿ ಟ್ರ್ಯಾಲಿ ತಳಗ ಹೊಕ್ಕೊಂಡ್ನಿ. ವೆಲ್ಡಿಂಗ್ ಮುಟ್ಟಿ ನೋಡಿದ್ನಿ, ಸ್ಪ್ರಿಂಗಿನ ಪಾಟಾ ಎಣಿಸಿದ್ನಿ, ತಗಡು ಬಾರಿಸಿದ್ನಿ, ಮ್ಯಾಲ ಹತ್ತಿ ಅಂಗಾತ ಮಲಗಿ ಹೊಳ್ಳಿ ನೋಡಿದ್ನಿ. ಎಲ್ಲೂ ಒಂದು ಕುಂದು ಇಲ್ಲ. ಮೈಯೆಲ್ಲಾ ಗ್ರೀಸ್ ಮಾಡಕೊಂಡು ಇಳದು, ಎದಿ ಉಬ್ಬಿಸಿ ಹೇಳಿದ್ನಿ.

“ಮಾಂವಾರ, ಬರದು ಇಟ್ಕೋರಿ. ನಾಕೂ ಊರಾಗ ಇಂಥಾ ಮಾಲಿಲ್ಲ. ಇದನ್ನ ತಗೋರಿ!”

ಮಾಂವಾರ ಮುಖ ಒಮ್ಮೆಲೆ ಬಾಡಿತು. ಅತ್ತಿಯವರು “ಶಿವಶಿವಾ” ಅಂತ ಅಲ್ಲೆ ಟೈರಿಗೆ ಆತಕೊಂಡು ಕುಂತ್ರು. ಶೆಡ್ಡಿನ ಮಾಲಕ ಗಾಬರಿಯಾಗಿ, “ಯಾಕ್ರಿ ಗೌಡ್ರ, ಒಯ್ಯಂಗಿಲ್ಲೇನು? ಎಲ್ಲಾ ಬರದು ಮುಗಿಸೇವಲ್ರಿ” ಅಂತ ತಾಡಪತ್ರಿ ಎತ್ತಿದ.

ಹಿಂದಿನ ಬಾಗಿಲ ಮ್ಯಾಲ ಹಳದಿ ಅಕ್ಷರದಾಗ ‘ಡೋಣಿ’ ಅಂತ ಬರದಿತ್ತು. ಅದರ ತಳಗ ಮಾಂವಾರ ಹೆಸರು, ಅತ್ತಿಯವರ ಹೆಸರು, ನನ್ನ ಮಗಳು ಹಿಡದು ಮೊಮ್ಮಕ್ಕಳೆಲ್ಲಾರ ಹೆಸರು. ಬಣ್ಣ ಒಣಗಿ ತಿಂಗಳು ಮೀರಿತ್ತು.

ನನಗ ಸಿಟ್ಟು ನೆತ್ತಿಗೇರ್ತು. “ಮೊದಲ ತಗೊಂಡು ಕುಂತೀರಿ! ಮತ್ತ ನನ್ನನ್ನ ಊರೂರು ತಿರುಗಿಸಿದ್ಯಾಕ?”

ನನ್ನ ಹೇಣ್ತಿ ಹತ್ರ ಬಂದು, “ರೀ, ಸಿಟ್ಟಾಗಬ್ಯಾಡ್ರಿ. ನೀವು ಛಲೋ ಅಂದದ್ದು ಯಾವತ್ತೂ ಬಾಳಿಲ್ಲ. ಅದಕ್ಕ ಅಪ್ಪಾರು, ಅಳ್ಯಾರು ಇದನ್ನ ಬ್ಯಾಡ ಅಂದ್ರ ಗಟ್ಟಿ ಐತಿ ಅಂತ ಖಾತ್ರಿ ಆಗತೈತಿ, ಆಮ್ಯಾಲ ಪೂಜಾ ಮಾಡೂಣು ಅಂದ್ರು” ಅಂದ್ಳು.

“ಹಂಗಾದ್ರ ಸೀದಾ ಇಲ್ಲೇ ಕರಕೊಂಡು ಬರಬೇಕಿತ್ತು!”

ಮಾಂವಾರು ಈಗ ಬಾಯಿ ಬಿಟ್ರು. “ಸಿಟ್ಟಾಗಬ್ಯಾಡ್ರಿ ಅಳ್ಯಾರ. ವಯಸ್ಸಾದಂಗ ಮನಷ್ಯಾ ಸುಧಾರಸ್ತಾನ. ನಿಮ್ಮ ಕಣ್ಣು ಮೊದಲಿನಂಗ ಐತೋ ಇಲ್ಲೋ ಅಂತ ಮೂರೂರಾಗ ಪರೀಕ್ಷಾ ಮಾಡಿದ್ವಿ. ಹಂಗ ಐತಿ ಅಂತ ಧೈರ್ಯಾಗಿ ಇಲ್ಲಿಗೆ ಬಂದ್ರ, ನೀವು ಹಿಂಗ ಅಂದುಬಿಟ್ರಿ!”

ಅತ್ತಿಯವರು ಎದ್ದು ಬಂದು ಕೈ ಮುಗದ್ರು. “ಅಳ್ಯಾರ, ನಿಮ್ಮ ಮಗಳೂ ಇದರಾಗ ಕುಂತು ದೇವರಿಗೆ ಬರಾಕಿ. ಇನ್ನೊಮ್ಮೆ ನೋಡ್ರಿ. ಏನಾರ ಒಂದು ಕುಂದು ಸಿಕ್ಕೇ ಸಿಗತೈತಿ. ನಿಮಗ ಸಿಗಲಿಲ್ಲಂದ್ರ ಮತ್ಯಾರಿಗೆ ಸಿಗಬೇಕು?”

ಒಬ್ಬ ಅಳಿಯನ ಮಾತಿಗೆ ಇದಕ್ಕಿಂತ ಹೆಚ್ಚಿನ ಬೆಲಿ ಯಾರೂ ಕೊಟ್ಟಿರಾಕಿಲ್ಲ. ಸಿಟ್ಟು ನುಂಗಿಕೊಂಡು, ಟ್ರ್ಯಾಲಿ ಸುತ್ತ ಇನ್ನೊಂದು ಸುತ್ತು ಹಾಕಿದ್ನಿ. ಕಡೀಕ ಮುಂದಿನ ಹುಕ್ಕಿನ ಹತ್ರ ನಿಂತು, ಗಡ್ಡಾ ಕೆರಕೊಂಡು, “ಹೂಂ... ಖರೆ ಹೇಳಬೇಕಂದ್ರ... ಈ ಹುಕ್ಕು ಯಾಕೋ ನನ್ನ ಮನಸಿಗೆ ಬರವಲ್ದು. ನಾನಾಗಿದ್ರ ಈ ಟ್ರ್ಯಾಲಿ ತಗೋತಿರಲಿಲ್ಲ” ಅಂದ್ನಿ.

ಮಾಂವಾರ ಮುಖ ಹುಣ್ಣಿವಿ ಚಂದ್ರ ಆತು. ಓಡಿ ಬಂದು ನನ್ನ ಎರಡೂ ಕೈ ಹಿಡಕೊಂಡು, ಹಿಂದಕ್ಕ ತಿರುಗಿ ಅತ್ತಿಯವರಿಗೆ ಒದರಿದ್ರು.

“ಏ, ಕಾಯಿ ಒಡಿ ಜಲ್ದಿ! ಅಳ್ಯಾರು ಮತ್ತ ಛಲೋ ಐತಿ ಅನ್ನೂದ್ರಾಗ ಪೂಜಾ ಮುಗಸೂಣು!”